ಮರಿಯ ಬಾಯಿಗೆ ಮೊದಲು ಬೆರಳು, ಆಮೇಲೆ ಹಾಲು

ಕಳೆದ ಮಾಗಿಯಲ್ಲಿ ತಂಗಿಯ ಮಗಳ ಮನೆಗೆ ಹೋಗಿದ್ದೆ. ಹಾಲಿಗೆಂದು ಅವಳು ಎರಡು ಮೇಕೆ ಕಟ್ಟಿದ್ದಾಳೆ. ನಸುಕಿನಲ್ಲಿ ಒಂದು ಮೇಕೆ ಎರಡು ಮರಿ ಹಾಕಿತ್ತು. ನಾನು ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಅವಳು ಸಣ್ಣ ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಚಮಚದಿಂದ ಹಾಲು ಸುರಿಯುತ್ತಿದ್ದಳು. ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ಬಾಯೊಳಗೆ ಬೆರಳಿಟ್ಟರೆ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಮಧ್ಯಾಹ್ನಕ್ಕೆ ಮರಿ ಹೋಯಿತು. "ಹಾಲು ಕುಡಿಸಿದರೂ ಉಳಿಯಲಿಲ್ಲವಲ್ಲ ದೊಡ್ಡಮ್ಮ" ಎಂದು ಅತ್ತಳು. ಆ ಹಾಲೇ ಅದರ ಪ್ರಾಣ ತೆಗೆದದ್ದು ಎಂದು ಆಗ ಹೇಳಲು ನನಗೆ ಬಾಯಿ ಬರಲಿಲ್ಲ. ಇಂಥದ್ದನ್ನು ಈ ಎರಡು ವರ್ಷಗಳಲ್ಲಿ ಮೂರು ಮನೆಗಳಲ್ಲಿ ನೋಡಿದ್ದೇನೆ. ಮೇಕೆ ಸಾಕುತ್ತೇವೆಂದು ಉತ್ಸಾಹದಿಂದ ಹೊರಡುವ ನೀವೆಲ್ಲ ಮೊದಲು ಇದನ್ನು ಓದಿ.

ಮೇಕೆಯ ಗಬ್ಬ ಐದು ತಿಂಗಳು, ಸುಮಾರು ನೂರೈವತ್ತು ದಿನ. ಹೋತ ಸೇರಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. "ಯಾವಾಗಲೋ ಸೇರಿರಬೇಕು" ಎನ್ನುವವರ ಮನೆಯಲ್ಲೇ ನಡುರಾತ್ರಿ, ಮಳೆಯಲ್ಲಿ, ಯಾರೂ ಇಲ್ಲದಾಗ ಮರಿ ಬೀಳುತ್ತದೆ. ಕೊನೆಯ ಎರಡು ತಿಂಗಳು ಹಾಲು ಕರೆಯುವುದನ್ನು ಬಿಟ್ಟುಬಿಡಿ. ಆಸೆಗೆ ಒಂದು ಲೋಟ ಎಂದು ಕರೆಯುತ್ತಲೇ ಇದ್ದರೆ ಮರಿಗೂ ಕಡಿಮೆ, ಕೆಚ್ಚಲಿಗೂ ವಿಶ್ರಾಂತಿಯಿಲ್ಲ. ಕೊನೆಯ ಒಂದೂವರೆ ತಿಂಗಳು ಹಿಂಡಿಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಒಮ್ಮೆಗೇ ಸೇರುಗಟ್ಟಲೆ ಸುರಿದರೆ ಹೊಟ್ಟೆ ಹುಳಿಯಾಗಿ ಮೇಕೆ ಮಲಗಿಬಿಡುತ್ತದೆ. ಹಬ್ಬದಲ್ಲಿ ಉಳಿದ ಅನ್ನವನ್ನು ಮೇಕೆಯ ಮುಂದೆ ಸುರಿಯುವವರಿಗೂ ಇದೇ ಮಾತು.

ಮರಿ ಹಾಕುವಾಗ ಸುಮ್ಮನೆ ದೂರ ನಿಲ್ಲಿ. ಸುತ್ತ ಗುಂಪು ಸೇರಿ ಮೊಬೈಲ್ ಹಿಡಿದರೆ ಮೇಕೆ ನೋವು ತಡೆದುಕೊಂಡು ನಿಂತುಬಿಡುತ್ತದೆ. ಮರಿ ಬಿದ್ದ ಮೇಲೆ ಮೂಗು ಬಾಯಿಯ ಲೋಳೆಯನ್ನು ಬಟ್ಟೆಯಿಂದ ಒರೆಸಿ. ಉಸಿರು ಬರದಿದ್ದರೆ ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿ, ಸೀನುತ್ತದೆ. ಉಳಿದದ್ದನ್ನು ತಾಯಿ ನೆಕ್ಕಲಿ. ನೆಕ್ಕಿದರೇ ಅದಕ್ಕೆ ತನ್ನ ಮರಿ ಎಂದು ತಿಳಿಯುವುದು. ಹೊಕ್ಕುಳ ಬಳ್ಳಿಯನ್ನು ಮೈಯಿಂದ ಮೂರು ಬೆರಳು ಬಿಟ್ಟು ದಾರದಿಂದ ಕಟ್ಟಿ, ಕುದಿಸಿದ ಕತ್ತರಿಯಿಂದ ಕತ್ತರಿಸಿ. ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಬರೀ ಸವರಿದರೆ ಸಾಲದು. ಅರಿಸಿನ ಮೆತ್ತಿ ಸುಮ್ಮನಾಗುತ್ತಾರೆ, ತಿಂಗಳ ಮೇಲೆ ಮರಿಯ ಮೊಣಕಾಲು ಊದಿಕೊಂಡು ಕುಂಟುವಾಗ ಬೇನೆ ಹೊಕ್ಕುಳಿನಿಂದ ಬಂತೆಂದು ಯಾರಿಗೂ ಹೊಳೆಯುವುದಿಲ್ಲ. ಮಾಸು ತಾನಾಗಿ ಬೀಳುತ್ತದೆ, ಕೈಹಾಕಿ ಎಳೆಯಬೇಡಿ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬಸುರಿ ಹೆಂಗಸರು ಆ ಹೊತ್ತಿನಲ್ಲಿ ಕೊಟ್ಟಿಗೆಯ ಕಡೆಗೇ ಬರಬಾರದು. ಕಂದು ಹಾಕುವ ರೋಗವಿರುವ ಮೇಕೆಯಿಂದ ಮನುಷ್ಯರಿಗೂ ಜ್ವರ ಅಂಟುತ್ತದೆ.

ಇನ್ನು ನನ್ನ ಮುಖ್ಯ ಮಾತು. ಮಾಗಿಯಲ್ಲಿ, ಮಳೆಯಲ್ಲಿ, ಅವಳಿಯಲ್ಲಿ ಸಣ್ಣದಾಗಿ ಹುಟ್ಟಿದ ಮರಿಯ ಮೈ ಬೇಗ ತಣ್ಣಗಾಗುತ್ತದೆ. ಮೈಮೇಲಿನ ಕೂದಲು ಮುಟ್ಟಿದರೆ ಅದು ಗೊತ್ತಾಗದು. ಕೈ ತೊಳೆದು ಕಿರುಬೆರಳನ್ನು ಬಾಯೊಳಗೆ, ನಾಲಿಗೆಯ ಮೇಲಿಡಿ. ಬೆಚ್ಚಗಿದ್ದು ಬೆರಳನ್ನು ಚೀಪಿದರೆ ತಾಯಿಯ ಬಳಿ ಬಿಡಿ. ತಣ್ಣಗಿದ್ದರೆ ಒಂದು ಹನಿ ಹಾಲನ್ನೂ ಹಾಕಬೇಡಿ. ತಣ್ಣಗಾದ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಗೆ ಹೋದದ್ದೂ ಅರಗದೆ ನಿಲ್ಲುತ್ತದೆ.

ಶಾಖ ಕೊಡುವುದನ್ನು ನಮ್ಮ ಅತ್ತೆ ನನಗೆ ಕಲಿಸಿದ್ದು, ನಂದಿ ಬೆಟ್ಟದ ತಪ್ಪಲಿನ ನಮ್ಮ ಊರಿನಲ್ಲಿ, ಕೈ ಮರಗಟ್ಟುವ ಚಳಿಯ ಒಂದು ಬೆಳಗ್ಗೆ. ಮೊದಲು ಮರಿಯನ್ನು ಒಣಬಟ್ಟೆಯಿಂದ ಉಜ್ಜಿ, ಕಿವಿಯ ಹಿಂಭಾಗ, ಕಂಕುಳು, ಗೊರಸಿನ ಸಂದು ಎಲ್ಲವೂ ಒಣಗಬೇಕು. ಒದ್ದೆ ಮರಿಗೆ ಎಷ್ಟು ಶಾಖ ಕೊಟ್ಟರೂ ದಂಡ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಎರಡು ಹಿಡಿ ಮರಳು ಹುರಿಯಿರಿ. ಜರಡಿ ಹಿಡಿದ, ಒಣಗಿದ ಮರಳೇ ಆಗಬೇಕು, ಹಸಿ ಮರಳು ಸಿಡಿಯುತ್ತದೆ. ಅದನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಎರಡು ಮಡಿಕೆ ಮಾಡಿ ಗಂಟು ಕಟ್ಟಿ. ನೈಲಾನ್ ಸೀರೆ ಕರಗಿ ಅಂಟುತ್ತದೆ, ಅದನ್ನು ತರಬೇಡಿ. ಇಂಥ ಗಂಟು ಎರಡು ಬೇಕು, ಒಂದು ಆರುವಷ್ಟರಲ್ಲಿ ಇನ್ನೊಂದು ಸಿದ್ಧವಿರಬೇಕು. ಗಂಟನ್ನು ನಿಮ್ಮ ಮುಂಗೈಯ ಒಳಭಾಗಕ್ಕೆ ಒತ್ತಿ ಹತ್ತು ಎಣಿಸಿ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿದರೆ ಇನ್ನೂ ಆರಲಿ. ಆಮೇಲೆ ನೆಲಕ್ಕೆ ದಪ್ಪನೆಯ ಗೋಣಿ ಹಾಸಿ, ಮರಿಯನ್ನು ಎದೆ ಕೆಳಗೆ ಮಾಡಿ, ಕಾಲು ಮಡಿಸಿ ಕೂರಿಸಿ, ಅಡ್ಡ ಮಲಗಿಸಬಾರದು. ಗಂಟನ್ನು ಪಕ್ಕೆಗೆ ಇಡಿ, ಹೊಟ್ಟೆಯ ಅಡಿಗೆ ತಳ್ಳಬೇಡಿ. ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿ, ಮಂಕರಿಯ ಮೇಲೆ ಇನ್ನೊಂದು ಗೋಣಿ. ತುದಿಯಲ್ಲಿ ಒಂದು ಗೇಣು ಮುಚ್ಚದೆ ಬಿಡಿ, ಉಸಿರಾಡಬೇಕಲ್ಲ. ಬೆಂಕಿಯ ಪಕ್ಕದಲ್ಲಿ ಮಲಗಿಸುವ ಕೆಲಸ ಮಾತ್ರ ಬೇಡ, ಒಂದು ಮಗ್ಗುಲು ಬೆಂದು ಇನ್ನೊಂದು ತಣ್ಣಗೇ ಇರುತ್ತದೆ. ಕಾಲುಗಂಟೆಗೊಮ್ಮೆ ಬೆರಳಿಟ್ಟು ನೋಡಿ. ನಾಲಿಗೆ ಬೆಚ್ಚಗಾಗಿ, ಬೆರಳನ್ನು ಸುತ್ತಿಕೊಂಡು ಎಳೆದರೆ ಹಾಲಿನ ಹೊತ್ತು ಬಂತು. ಆ ಎಳೆತ ಒಮ್ಮೆ ನಿಮ್ಮ ಬೆರಳಿಗೆ ತಿಳಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಹುಟ್ಟಿ ಐದು ಗಂಟೆ ಕಳೆದ ಮೇಲೆ ತಣ್ಣಗಾದ ಮರಿಯಾದರೆ, ಮೈಯಲ್ಲಿ ಸಕ್ಕರೆಯ ಅಂಶವೂ ಇಳಿದಿರುತ್ತದೆ; ಶಾಖ ಕೊಡುವ ಮೊದಲೇ, ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಗೋಣಿಯ ಮಾತು ಬಂದಿದ್ದರಿಂದ ಹೇಳುತ್ತೇನೆ, ಮರಿಗೆ ಹಾಸುವ ಚೀಲ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿರಬೇಕು.

ಈಗ ಗಿಣ್ಣು. ಮರಿ ಹುಟ್ಟಿದ ಸುದ್ದಿ ಕೇಳಿದ ಕೂಡಲೇ ಬಟ್ಟಲು ಹಿಡಿದು ಬರುವ ನೆಂಟರಿಗೆ ಮೊದಲೇ ಹೇಳಿಬಿಡಿ, ಮೊದಲ ಗಿಣ್ಣು ಮರಿಯದು. ಹೊಟ್ಟೆಯಲ್ಲಿರುವಾಗ ತಾಯಿಯಿಂದ ಮರಿಗೆ ರೋಗ ತಡೆಯುವ ಶಕ್ತಿ ದಾಟಿ ಬರುವುದಿಲ್ಲ, ಎಲ್ಲವೂ ಗಿಣ್ಣಿನಲ್ಲೇ ಬರಬೇಕು. ಕರುಳು ಅದನ್ನು ಹೀರಿಕೊಳ್ಳುವುದೂ ಮೊದಲ ದಿನ ಮಾತ್ರ, ಗಂಟೆಗಂಟೆಗೂ ಆ ಶಕ್ತಿ ಇಳಿಯುತ್ತಾ ಹೋಗುತ್ತದೆ. ಮರಿ ಬೆಚ್ಚಗಿದ್ದರೆ ಒಂದು ಗಂಟೆಯೊಳಗೆ ಮೊದಲ ಗುಟುಕು ಇಳಿಯಲೇಬೇಕು. ಮೊಲೆಯ ತುದಿಯಲ್ಲಿ ಮೇಣದಂಥ ತಡೆ ಕೂತಿರುತ್ತದೆ. ಕೆಚ್ಚಲನ್ನು ಬಿಸಿನೀರಿನಲ್ಲಿ ಒರೆಸಿ ಮೊದಲ ಎರಡು ಧಾರೆ ಹೊರಗೆ ಕರೆದು ಆಮೇಲೆ ಮರಿಯನ್ನು ಹಿಡಿಸಿ. ಬಾಟಲಿಯಲ್ಲಿ ಕುಡಿಸಬೇಕಾಗಿ ಬಂದರೆ ಮರಿಯನ್ನು ನಿಲ್ಲಿಸಿ, ಕತ್ತು ತುಸು ಮೇಲೆ ಚಾಚಿರಲಿ. ಹಾಗೆ ಚೀಪಿದಾಗ ಹಾಲು ದೊಡ್ಡ ಹೊಟ್ಟೆಗೆ ಬೀಳದೆ ನೇರವಾಗಿ ಅರಗುವ ಹೊಟ್ಟೆಗೆ ಹೋಗುತ್ತದೆ. ಗೊಟ್ಟದಲ್ಲಿ, ಚಮಚದಲ್ಲಿ ಸುರಿಯಬೇಡಿ. ಅವಳಿಗಳಲ್ಲಿ ದೊಡ್ಡದು ಸಣ್ಣದನ್ನು ತಳ್ಳುತ್ತದೆ, ಸಣ್ಣದನ್ನು ಮೊದಲು ಬಿಡಿ. ಕುಡಿದಾದ ಮೇಲೆ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ನೋಡಿ, ತುಂಬಿದ್ದೂ ಮೃದುವಾಗಿರಬೇಕು. ಡೋಲಿನಂತೆ ಬಿಗಿದರೆ ಹೆಚ್ಚಾಯಿತೆಂದು ಅರ್ಥ.

ಎರಡು ವಾರಕ್ಕೆ ಮರಿ ಎಲೆ ಮೂಸುತ್ತದೆ. ಹಲಸು, ಅಗಸೆ, ಬಸರಿ ಯಾವುದಾದರೂ ಸರಿ, ಸೊಪ್ಪನ್ನು ಕಟ್ಟು ಕಟ್ಟಿ ಮರಿಯ ಮೂತಿಯ ಎತ್ತರಕ್ಕೆ ನೇತುಹಾಕಿ. ನೆಲಕ್ಕೆ ಬಿದ್ದು ಹಿಕ್ಕೆ ತಾಗಿದ ಸೊಪ್ಪನ್ನು ಮೇಕೆ ಮುಟ್ಟುವುದಿಲ್ಲ. ಅದನ್ನು ಸೊಕ್ಕು ಎಂದು ಬೈಯುತ್ತೀರಿ, ಹಾಗೆ ತಿನ್ನದಿರುವುದರಿಂದಲೇ ಅದಕ್ಕೆ ಜಂತು ಕಡಿಮೆ. ಎಳೆಯ ಜೋಳದ ಪೈರಿಗೆ ಬಿಡಬೇಡಿ, ವಿಷ. ಬೇಲಿಯ ಕಣಗಿಲೆಯೂ ವಿಷ. ಜಂತಿನ ಔಷಧಿ, ಕರುಳು ಬೇನೆ ಮತ್ತು ಪಿಪಿಆರ್ (ಮೇಕೆ-ಕುರಿಗಳಿಗೆ ಬರುವ ಪ್ಲೇಗಿನಂಥ ಅಂಟುರೋಗ) ಲಸಿಕೆಗಳನ್ನು ಯಾವಾಗ ಹಾಕಿಸಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯವರನ್ನು ಕೇಳಬೇಡಿ.

ಗಿಣ್ಣು ಮುಗಿದು ಹಾಲು ತಿಳಿಯಾದ ಮೇಲೆ ಮರಿಗೆ ಬಿಟ್ಟು ಮಿಕ್ಕದ್ದು ನಿಮ್ಮದು. ಹೋತವನ್ನು ದೂರ ಕಟ್ಟಿದರೆ ಹಾಲಿಗೆ ವಾಸನೆ ಬರುವುದಿಲ್ಲ. ಮೇಕೆಯ ಹಾಲು ವಾಸನೆ ಎಂದು ಮೂಗು ಮುರಿಯುವವರು ಹೋತದ ಪಕ್ಕದಲ್ಲೇ ಕೂತು ಕರೆದಿರುತ್ತಾರೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಮ್ಮ ನಂದಿ ಬೆಟ್ಟಕ್ಕೆ ಬಂದಿದ್ದರು, ಅವರ ಆಹಾರದಲ್ಲಿದ್ದ ಹಾಲು ಮೇಕೆಯದೇ. ಹಸಿಯಾಗಿ ಮಾತ್ರ ಕುಡಿಯಬೇಡಿ, ಉಕ್ಕು ಬರುವ ತನಕ ಕಾಯಿಸಿ.

ಮಂಕರಿಯನ್ನು ಒಂದು ವಾರ ಕೊಟ್ಟಿಗೆಯಲ್ಲೇ ಇಟ್ಟಿರಿ, ಮೂರನೆಯ ರಾತ್ರಿ ಮತ್ತೆ ಚಳಿ ಹಿಡಿಯುವುದುಂಟು. ಮರಿ ತಾನೇ ಮಂಕರಿ ಉರುಳಿಸಿ ಹೊರಬಂದು ಅದರ ಮೇಲೆ ಹತ್ತಿ ನಿಂತ ದಿನ, ಬೂದಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ ಅಟ್ಟಕ್ಕೆ ಸೇರಿಸಿ.