ಚಟದ ಪಾಠ ನಮ್ಮ ಶಾಲೆಯಲ್ಲಿ ನಾಟಿದ ಬಗೆ

"ಗೊತ್ತಿಲ್ಲದ ಮಕ್ಕಳಿಗೆ ನೀವೇ ದಾರಿ ತೋರಿಸುತ್ತಿದ್ದೀರಿ ಸರ್" ಎಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ನನಗೆ ಹೇಳದವರು ಕಡಿಮೆ. ಬೀಡಿ, ತಂಬಾಕು, ಗಾಂಜಾಗಳ ಬಗ್ಗೆ ಮಕ್ಕಳು ಹೆಸರು ಬರೆಯದೆ ಡಬ್ಬಿಗೆ ಹಾಕಿದ ಪ್ರಶ್ನೆಗಳಿಗೆ ನಾನು ತರಗತಿಯಲ್ಲೇ ಉತ್ತರಿಸುವುದು ಆ ಆಕ್ಷೇಪಕ್ಕೆ ಕಾರಣ. ಹಾಗೆ ಹೇಳಿದವರಲ್ಲೇ ಒಬ್ಬರು ಬೇರೆ ಶಾಲೆಗೆ ವರ್ಗವಾಗಿ ಹೋದ ಮೇಲೆ ಫೋನ್ ಮಾಡಿ, "ಆ ಡಬ್ಬಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಿ" ಎಂದು ಕೇಳಿದರು. ತಾಲ್ಲೂಕಿನ ಇನ್ನೊಂದೆರಡು ಶಾಲೆಗಳವರೂ ಕೇಳಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಬರೆದುಬಿಡುವುದೇ ವಾಸಿ.

ನಾನು ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಶ್ವಾಸಕೋಶ, ನರಕೋಶಗಳ ಪಾಠ ನಿಮಗೂ ಗೊತ್ತು, ಅದನ್ನು ಬಿಡುತ್ತೇನೆ.

ಮೊದಲು ಏನೇನು ಸೋತಿತು ಎಂಬುದು. ಮಾದಕವಸ್ತು ವಿರೋಧಿ ದಿನವಾದ ಜೂನ್ 26ರಂದು ಎಲ್ಲರಂತೆ ನಾವೂ ಜಾಥಾ ತೆಗೆದೆವು. ಫ್ಲೆಕ್ಸಿಗೆ ಒಂಬೈನೂರು ರೂಪಾಯಿಯ ಆಸುಪಾಸು ಆಯಿತು. ಮುಂದಿನ ಸಾಲಿನಲ್ಲಿ ಅದನ್ನು ಹಿಡಿದಿದ್ದ ಇಬ್ಬರು ಹುಡುಗರು ಘೋಷಣೆ ಕೂಗದೆ ಬಹಳ ಗಂಭೀರವಾಗಿ ನಡೆಯುತ್ತಿದ್ದರು. ಎಷ್ಟು ಶಿಸ್ತು ಎಂದು ಮುಖ್ಯ ಶಿಕ್ಷಕರು ಮೆಚ್ಚಿಕೊಂಡರು. ಬಸ್ ನಿಲ್ದಾಣದ ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ಚರಂಡಿಗೆ ಉಗುಳಿದಾಗ ಶಿಸ್ತಿನ ಗುಟ್ಟು ರಟ್ಟಾಯಿತು. ಬಾಯಿ ತುಂಬಿತ್ತು.

ಆಮೇಲೆ ಪ್ಲಾಸ್ಟಿಕ್ ಬಾಟಲಿಗೆ ಹತ್ತಿ ತುಂಬಿ ಬೀಡಿಯ ಹೊಗೆ ಎಳೆಸುವ ಪ್ರಯೋಗ. ಹತ್ತಿ ಹಳದಿಯಾಯಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಒಬ್ಬ "ಇನ್ನೊಂದು ಸಲ ಸರ್" ಎಂದ. ಬಾಯಿ ಕ್ಯಾನ್ಸರಿನ ಚಿತ್ರಗಳನ್ನು ತೋರಿಸಿದ ದಿನ ಯಾವ ಚಟವೂ ಇಲ್ಲದ ಹೆಣ್ಣುಮಕ್ಕಳು ಬಿಸಿಯೂಟ ಬಿಟ್ಟರು. ನೋಡಬೇಕಾದವರು ಎರಡನೇ ಸಲ ಬಡಿಸಿಕೊಂಡರು. ತಂಬಾಕಿನ ಪೊಟ್ಟಣದ ಮೇಲೆ ಶೇ. 85ರಷ್ಟು ಜಾಗದಲ್ಲಿ ಅದೇ ಚಿತ್ರಗಳಿವೆ. ದಿನಕ್ಕೆ ಹತ್ತು ಸಲ ಅದನ್ನೇ ಹರಿಯುವ ಹುಡುಗನನ್ನು ಗೋಡೆಯ ಮೇಲಿನ ದೊಡ್ಡ ಚಿತ್ರ ಹೆದರಿಸೀತೇ?

ಎಲ್ಲಕ್ಕಿಂತ ದುಬಾರಿಯಾದದ್ದು ಅತಿಥಿ ಉಪನ್ಯಾಸ. ಕುಡಿತ, ಗಾಂಜಾ ಎಲ್ಲವನ್ನೂ ಬಿಟ್ಟು ಸುಧಾರಿಸಿದ್ದ ಒಬ್ಬರನ್ನು ತುಮಕೂರಿನಿಂದ ಕರೆಸಿದೆ. ಹೋಗಿಬರುವ ಖರ್ಚು, ಊಟ, ಶಾಲು, ಸಂಭಾವನೆ ಎಲ್ಲ ಸೇರಿ ಎರಡು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಒಳ್ಳೆಯ ಮನುಷ್ಯ, ಎದೆ ಬಿಚ್ಚಿ ಮಾತಾಡಿದರು. ಮಕ್ಕಳು ತೆಗೆದ ತೀರ್ಮಾನವೇ ಬೇರೆ: ಹತ್ತು ವರ್ಷ ಮಜಾ ಮಾಡಿದರೂ ಬಿಡಬಹುದು, ಬಿಟ್ಟ ಮೇಲೆ ಶಾಲು ಹೊದಿಸುತ್ತಾರೆ.

ಇಷ್ಟಾದ ಮೇಲೆ ಬಂದದ್ದು ಡಬ್ಬಿ. ಬೇಕರಿಯಿಂದ ಖಾಲಿ ಬಿಸ್ಕತ್ತು ಡಬ್ಬಿ ತಂದು ಮುಚ್ಚಳಕ್ಕೆ ಸೀಳು ಮಾಡಿದೆ. ಹಳೆಯ ಉತ್ತರ ಪತ್ರಿಕೆಗಳ ಖಾಲಿ ಹಾಳೆಗಳನ್ನು ಹರಿದು ಚೀಟಿ ಮಾಡಿದೆ. ಪ್ರಶ್ನೆ ಪೆಟ್ಟಿಗೆ ಹೊಸದೇನಲ್ಲ, ತರಬೇತಿಗಳಲ್ಲಿ ಎಲ್ಲರೂ ಕೇಳಿದ್ದೇವೆ. ಆದರೆ ಮೂಲೆಯಲ್ಲಿಟ್ಟ ಪೆಟ್ಟಿಗೆಗೆ ಯಾರೂ ಚೀಟಿ ಹಾಕುವುದಿಲ್ಲ. ಹಾಕಲು ಎದ್ದವನನ್ನು ಇಡೀ ತರಗತಿ ನೋಡುತ್ತದೆ. ಹಾಗಾಗಿ ನಮ್ಮಲ್ಲಿ ಎಲ್ಲರೂ ಬರೆಯಲೇಬೇಕು. ಕೇಳಲು ಏನೂ ಇಲ್ಲದವರು ವಿಜ್ಞಾನ ಪುಸ್ತಕದ ಯಾವುದಾದರೂ ಎರಡು ಸಾಲು ನಕಲು ಮಾಡಿ ಹಾಕಬೇಕು. ಅರವತ್ತು ಪೆನ್ನುಗಳೂ ಒಂದೇ ಸಮನೆ ಓಡಿದರೆ ಯಾರು ಏನು ಬರೆದರು ಎಂಬುದು ಪಕ್ಕದವನಿಗೂ ತಿಳಿಯುವುದಿಲ್ಲ. ಕೈಬರಹ ಗುರುತಾಗದಂತೆ ಮಾಡಲು ಇನ್ನೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಮಕ್ಕಳೂ ಮೊಬೈಲ್ ನೋಡುತ್ತಾರೆ.

ಮೊದಲ ವಾರ ಬಂದ ಚೀಟಿಗಳಲ್ಲಿ ಮುಕ್ಕಾಲು ಪಾಲು ದ್ಯುತಿಸಂಶ್ಲೇಷಣೆ. ಉಳಿದವು ಚಿನ್ನ. "ನಮ್ಮ ತಾತನಿಗೆ ಎಂಬತ್ತು, ಈಗಲೂ ಬೀಡಿ ಸೇದುತ್ತಾರೆ, ಏನೂ ಆಗಿಲ್ಲ ಯಾಕೆ?" "ಭಂಗಿ ಸೊಪ್ಪು ಗಿಡ ತಾನೆ, ಸಿಗರೇಟಿಗಿಂತ ವಾಸಿ ಅಲ್ಲವಾ?" "ಅಮ್ಮ ರಾತ್ರಿ ಅಡಿಕೆ ಸುಲಿಯುವಾಗ ನಿದ್ದೆ ಬಾರದಿರಲೆಂದು ಕಡ್ಡಿಪುಡಿ ಹಾಕಿಕೊಳ್ಳುತ್ತಾಳೆ, ಬಿಡಿಸುವುದು ಹೇಗೆ?"

ನನ್ನ ನಿಯಮ ಒಂದೇ. ಮಕ್ಕಳಿಗೆ ಈಗಾಗಲೇ ಗೊತ್ತಿರುವ ನಿಜವನ್ನು ಮೊದಲು ಒಪ್ಪಿಕೊಳ್ಳಬೇಕು. ಹಿತವಾಗುತ್ತದೆಯೇ ಎಂದು ಕೇಳಿದರೆ ಹೌದು, ಹಿತವಾಗುತ್ತದೆ. ಸೇದಿದ ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮಿದುಳು ತಲುಪಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡಿಸುತ್ತದೆ, ಹಿತ ಬರುವುದೇ ಅದರಿಂದ. ಆ ಹಿತಕ್ಕೆ ಒಗ್ಗಿದ ಮಿದುಳು ಆಮೇಲೆ ಬೇರೆ ಯಾವುದರಲ್ಲೂ ಅಷ್ಟು ಸಲೀಸಾಗಿ ಹಿತ ಕಾಣುವುದಿಲ್ಲ. ಯೋಚಿಸಿ ತೀರ್ಮಾನಿಸುವ ಮುಂಮಿದುಳು ಬಲಿಯಲು ಇಪ್ಪತ್ತೈದರ ಹತ್ತಿರವಾಗಬೇಕು, ಅದಕ್ಕೇ ಹದಿನಾಲ್ಕರಲ್ಲಿ ಹತ್ತಿದ್ದು ಗಟ್ಟಿಯಾಗಿ ಹತ್ತುತ್ತದೆ. ತಾತನ ಪ್ರಶ್ನೆಗೂ ಹಾಗೆಯೇ ಉತ್ತರಿಸಿದೆ. ಬಿಡದೆ ಬಳಸುವವರಲ್ಲಿ ಅರ್ಧದಷ್ಟು ಜನರನ್ನು ತಂಬಾಕು ಕೊಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾದರೆ ಉಳಿದರ್ಧ ಬದುಕುತ್ತಾರೆ, ನಿಮ್ಮ ತಾತ ಆ ಸಾಲಿನಲ್ಲಿದ್ದಾರೆ. ಅವರ ಜೊತೆ ಕಟ್ಟೆಯ ಮೇಲೆ ಕುಳಿತು ಸೇದುತ್ತಿದ್ದವರು ಯಾರು ಯಾರು, ಈಗ ಎಷ್ಟು ಜನ ಇದ್ದಾರೆ, ಇವತ್ತು ಸಂಜೆ ಕೇಳಿಕೊಂಡು ಬಾ ಎಂದೆ. ಮಾರನೆಯ ದಿನ ಆ ಪ್ರಶ್ನೆ ಹಾಕದೇ ಇದ್ದವರೂ ತಮ್ಮ ಮನೆಗಳಲ್ಲಿ ಕೇಳಿಕೊಂಡು ಬಂದಿದ್ದರು. ಭಂಗಿ ಸೊಪ್ಪಿನ, ಅಂದರೆ ಗಾಂಜಾದ ಚೀಟಿಗೆ ಧರ್ಮೋಪದೇಶ ಮಾಡಲಿಲ್ಲ. ಓದಿದ್ದು ನಿಲ್ಲುವುದಿಲ್ಲ, ಗಮನ ಚದುರುತ್ತದೆ, ಕೆಲವರಲ್ಲಿ ಇಲ್ಲದ ದನಿ ಕೇಳಿಸುವ ಮಾನಸಿಕ ಕಾಯಿಲೆಗೆ ತಿರುಗುತ್ತದೆ, ಆ ಕೆಲವರು ಯಾರೆಂದು ಮೊದಲೇ ಹೇಳಲು ಬರುವುದಿಲ್ಲ ಎಂದಷ್ಟೇ ಹೇಳಿದೆ. ಜೇಬಿನಲ್ಲಿ ಸ್ವಲ್ಪವೇ ಸಿಕ್ಕರೂ 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ ಎಂಬುದನ್ನೂ ಸೇರಿಸಿದೆ.

ಎರಡನೆಯದು ಅಂದಾಜಿನ ಲೆಕ್ಕ. ಇದು ಇಷ್ಟು ಕೆಲಸ ಮಾಡುತ್ತದೆ ಎಂದು ನಾನೂ ಎಣಿಸಿರಲಿಲ್ಲ. ಒಂದು ಚೀಟಿಯಲ್ಲಿ ಎರಡು ಸಂಖ್ಯೆ ಬರೆಯಿಸಿದೆ: ನಮ್ಮ ಒಂಬತ್ತನೇ ತರಗತಿಯಲ್ಲಿ ಎಷ್ಟು ಜನ ಏನಾದರೊಂದು ಬಳಸುತ್ತಾರೆ ಎಂಬ ನಿನ್ನ ಅಂದಾಜು, ಮತ್ತು ನೀನು ಬಳಸುವುದಾದರೆ ಒಂದು, ಇಲ್ಲದಿದ್ದರೆ ಸೊನ್ನೆ. ಎರಡೂ ವಿಭಾಗ ಸೇರಿ ಅರವತ್ತರಷ್ಟು ಮಕ್ಕಳು. ಅಂದಾಜುಗಳ ಸರಾಸರಿ ಮೂವತ್ತರ ಹತ್ತಿರ ಬಂತು. ಒಂದು ಎಂದು ಬರೆದವರು ಹನ್ನೊಂದೋ ಹನ್ನೆರಡೋ. ಕಪ್ಪುಹಲಗೆಯ ಮೇಲೆ ಎರಡೂ ಸಂಖ್ಯೆ ಬರೆದು ಏನೂ ಹೇಳದೆ ಸುಮ್ಮನೆ ನಿಂತೆ. "ಎಲ್ಲರೂ ಹಾಕಿಕೊಳ್ಳುತ್ತಾರೆ, ನಾನೊಬ್ಬನೇ ಪುಕ್ಕಲ" ಎಂದುಕೊಂಡಿದ್ದ ಹುಡುಗರಿಗೆ ಆ ಅಂತರವೇ ಧೈರ್ಯ ಕೊಟ್ಟಿತು. ಇಷ್ಟು ವರ್ಷದ ಪ್ರತಿಜ್ಞಾವಿಧಿಗಳಿಂದ ಆಗದ ಕೆಲಸ ಅದು.

ಇನ್ನು ಅಡಿಕೆ. ಇದರಲ್ಲಿ ನನಗೆ ಬೈಗುಳವೂ ಬಿತ್ತು, ಗೆಲುವೂ ಸಿಕ್ಕಿತು. ಕರ್ನಾಟಕದಲ್ಲಿ 2013ರ ಮೇ 31ರಂದು ಗುಟ್ಕಾ ನಿಷೇಧವಾಯಿತು. ಅಲ್ಲಿಂದ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರೆಸುವ ಕೆಲಸ ಮಾತ್ರ ಗಿರಾಕಿಯದು. ತಂಬಾಕು ಸೇರಿಸದಿದ್ದರೆ ಏನೂ ಆಗದು ಎಂದು ನಮ್ಮ ಹುಡುಗರು ನಂಬಿದ್ದರು. ಬರಿ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಸದಾ ದವಡೆಯಲ್ಲಿಟ್ಟುಕೊಂಡರೆ ಕೆನ್ನೆಯ ಒಳಚರ್ಮ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಬರುತ್ತದೆ. ಮೊದಲ ಲಕ್ಷಣ ಉರಿ, ಸಾರಿನ ಖಾರ ತಡೆಯಲಾಗುವುದಿಲ್ಲ. ಆಮೇಲೆ ಮುದ್ದೆಯ ತುತ್ತು ಚಿಕ್ಕದಾಗುತ್ತದೆ. ಒಮ್ಮೆ ಬಿಗಿದ ಬಾಯಿ ಮೊದಲಿನಂತಾಗುವುದಿಲ್ಲ.

ಇದನ್ನು ಹೇಳುವ ಬದಲು ಮೂರು ಬೆರಳಿನ ಪರೀಕ್ಷೆ ಮಾಡಿಸಿದೆ. ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಬೇಕು. ಸ್ವಂತ ಬೆರಳು, ಸ್ವಂತ ಬಾಯಿ, ಕೈ ತೊಳೆದು. ಸಲೀಸಾಗಿ ಹೋದರೆ ಸರಿ. ತರಗತಿಯಲ್ಲಿ ಎಲ್ಲರಿಗೂ ಹೋಯಿತು, ಒಬ್ಬನಿಗೆ ಮಾತ್ರ ಸ್ವಲ್ಪ ಬಿಗಿ. ಮನೆಯಲ್ಲಿ ದೊಡ್ಡವರಿಗೆ ಮಾಡಿಸಿ ಬನ್ನಿ ಎಂದು ಕಳಿಸಿದೆ.

ಮೂರನೇ ದಿನ ಒಬ್ಬ ಪೋಷಕರು ಮೋಟಾರ್ ಬೈಕ್ ನಿಲ್ಲಿಸಿ ನೇರವಾಗಿ ತರಗತಿಯ ಬಾಗಿಲಿಗೇ ಬಂದರು. ನಿಟ್ಟೂರಿನ ಕಡೆ ಮೂರು ಎಕರೆ ತೋಟವಿರುವವರು. "ಏನು ಮೇಷ್ಟ್ರೇ, ನಾವು ಬೆಳೆಯುವ ಅಡಿಕೆಯನ್ನೇ ವಿಷ ಎಂದು ಹೇಳಿಕೊಡುತ್ತೀರಂತೆ? ನಿಮ್ಮ ಮನೆಯ ಶುಭಕಾರ್ಯಕ್ಕೆ ಎಲೆ ಅಡಿಕೆ ಇಡುವುದಿಲ್ಲವೋ?" ನಾನು ವಾದಕ್ಕೆ ಇಳಿಯಲಿಲ್ಲ. ಕುಳಿತುಕೊಳ್ಳಿ ಗೌಡರೇ ಎಂದು ಕುರ್ಚಿ ಹಾಕಿಸಿ, ಹುಡುಗರು ಮಾಡಿದ್ದ ಇನ್ನೊಂದು ಲೆಕ್ಕ ತೋರಿಸಿದೆ. ಪಾನ್ ಮಸಾಲದ ಖಾಲಿ ಹೊದಿಕೆಯ ಮೇಲೆ ಮುದ್ರಿಸಿದ ತೂಕ ಎರಡು, ಎರಡೂವರೆ ಗ್ರಾಂ, ಬೆಲೆ ಐದು ರೂಪಾಯಿ. ಅಂದರೆ ಕಿಲೋಗೆ ಎರಡು ಸಾವಿರದ ಮೇಲೆ. ಅದರಲ್ಲಿ ಕಾಚು, ಸುಣ್ಣ, ಸುಗಂಧ ಎಲ್ಲವೂ ಸೇರಿದೆ. ರೈತರ ಕೈಗೆ ಆಗ ಕಿಲೋಗೆ ನಾನೂರೈವತ್ತರ ಆಸುಪಾಸು ಬರುತ್ತಿತ್ತು. "ನಿಮ್ಮ ಮಗ ನಿಮ್ಮದೇ ಅಡಿಕೆಯನ್ನು ನಾಲ್ಕು ಪಟ್ಟು ಕೊಟ್ಟು ಕೊಂಡು ತಿನ್ನಬೇಕೇ?" ಎಂದೆ. ಅವರು ಹೊದಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಿಟ್ಟು ಅರ್ಧ ಇಳಿಯಿತು. ಮಗನೇ ಬಾಗಿಲ ಬಳಿ ನಿಂತು, "ಅಪ್ಪಾ, ಮೂರು ಬೆರಳು ತೋರಿಸು" ಎಂದ. ಎರಡು ಬೆರಳು ಹೋದವು. ಮೂರನೆಯದನ್ನು ಒತ್ತಿದಾಗ ಕೆನ್ನೆ ಬಿಳಿಚಿ ಕಣ್ಣಲ್ಲಿ ನೀರು ಬಂತು. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ ಎಂದು ಚೀಟಿ ಬರೆದುಕೊಟ್ಟೆ. ಹೋದರು ಕೂಡ. ಮುಂದಿನ ಪೋಷಕರ ಸಭೆಯಲ್ಲಿ ನನ್ನ ಪರವಾಗಿ ಮಾತಾಡಿದವರು ಅವರೇ.

ಪೊಟ್ಟಣದ ಲೆಕ್ಕ ಹುಡುಗರಿಗೂ ಚುಚ್ಚಿತು. ಭಾನುವಾರವಿಡೀ ಕುಳಿತು ಅಡಿಕೆ ಸುಲಿದು ಗಳಿಸಿದ ಕಾಸನ್ನು ಬುಧವಾರದೊಳಗೆ ಮತ್ತೆ ಅಡಿಕೆಗೇ ಕೊಟ್ಟು ಮುಗಿಸುವ ಹುಡುಗರು ನಮ್ಮಲ್ಲಿದ್ದರು.

ನಡುವೆ ಒಂದು ಅಡ್ಡ ಪ್ರಯೋಗ. ಉಬ್ಬಸದವರು ಊದುವ ಪೀಕ್ ಫ್ಲೋ ಮೀಟರ್ ಒಂದನ್ನು ಆರುನೂರು ರೂಪಾಯಿ ಕೊಟ್ಟು ತರಿಸಿದೆ. ಸೇದುವವರ ಉಸಿರು ಕಡಿಮೆ ಬರುತ್ತದೆ, ಎಲ್ಲರೆದುರು ಸಾಬೀತಾಗುತ್ತದೆ ಎಂಬ ಲೆಕ್ಕಾಚಾರ. ತರಗತಿಗೇ ಮೇಲಾಗಿ ಊದಿದವನು ಸೇದುತ್ತಾನೆಂದು ಎಲ್ಲರಿಗೂ ಗೊತ್ತಿದ್ದ ಕಬಡ್ಡಿ ಹುಡುಗ. ಹದಿನೈದರ ಎದೆಗೂಡು ಇನ್ನೂ ಗಟ್ಟಿ, ಹಾನಿ ನಿಧಾನಕ್ಕೆ ಕಾಣುವಂಥದ್ದು. ಉಪಕರಣ ಈಗ ಬೀರುವಿನಲ್ಲಿದೆ, ಬೇಕಾದವರು ತೆಗೆದುಕೊಂಡು ಹೋಗಬಹುದು.

ದ್ರಾವಕಗಳ ಆವಿ ಮೂಸುವ ಚಟದ ವಿಷಯದಲ್ಲಿ ಮಾತ್ರ ಎಚ್ಚರ. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಚಟ ಇದೊಂದೇ: 10ರಿಂದ 17 ವಯಸ್ಸಿನವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಆದರೂ ನಾನಾಗಿ ಯಾವ ವಸ್ತುವಿನ ಹೆಸರನ್ನೂ ತೆಗೆಯುವುದಿಲ್ಲ. ಚೀಟಿಯಲ್ಲಿ ಬಂದರೆ ಮಾತ್ರ ಉತ್ತರ. ಅದೂ ಒಂದೇ ಮಾತು: ಈ ದ್ರಾವಕಗಳು ಹೃದಯದ ಬಡಿತವನ್ನೇ ತಪ್ಪಿಸಬಲ್ಲವು, ಮೊದಲ ಸಲವೇ ಸಾವು ಬರಬಹುದು. ದಾರಿ ತೋರಿಸುತ್ತೀರಿ ಎಂಬ ಆಕ್ಷೇಪಕ್ಕೆ ನನ್ನ ಉತ್ತರವೂ ಇಷ್ಟೇ. ಕೇಳಿದವರಿಗೆ ದಾರಿ ಆಗಲೇ ಗೊತ್ತಿತ್ತು.

ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬುದು ಆಗಿನ ನಿಯಮ. ಅದರ ಹಳದಿ ಗೆರೆ ಎಳೆಯುವ ಕೆಲಸವನ್ನು ಗಣಿತದ ಅಭ್ಯಾಸವಾಗಿಸಿದೆವು. ಮಕ್ಕಳು ಟೇಪು ಹಿಡಿದು ತೊಂಬತ್ತೊಂದೂವರೆ ಮೀಟರ್ ಅಳೆದರು. ಬಣ್ಣ, ಬ್ರಷ್ ಸೇರಿ ನಾನೂರು ರೂಪಾಯಿ ಇರಬೇಕು. ಗೆರೆಯೊಳಗೆ ಬಿದ್ದದ್ದು ನಮ್ಮ ಶಾಲಾಭಿವೃದ್ಧಿ ಸಮಿತಿಯವರೊಬ್ಬರ ತಮ್ಮನ ಪೆಟ್ಟಿಗೆ ಅಂಗಡಿ! ಪೊಲೀಸರಿಗೆ ದೂರು ಕೊಟ್ಟು ಊರ ಜಗಳ ತಂದುಕೊಳ್ಳುವ ಬದಲು, ಬಾಲನ್ಯಾಯ ಕಾಯ್ದೆ 2015ರ 77ನೇ ಕಲಮನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ ಕೊಟ್ಟೆ: ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ತಂಬಾಕು ಕಾಯ್ದೆಯಲ್ಲಿ ಆಗ ಇದ್ದ ಇನ್ನೂರು ರೂಪಾಯಿ ದಂಡವನ್ನಷ್ಟೇ ಕೇಳಿದ್ದವರು ಅದನ್ನು ಎರಡು ಸಲ ಓದಿದರು. ಅಂಗಡಿ ಅಲ್ಲೇ ಇದೆ. ಪೊಟ್ಟಣಗಳ ಸರ ಮಾತ್ರ ಶಾಲೆಯ ವೇಳೆಯಲ್ಲಿ ತೂಗುವುದಿಲ್ಲ. ತಂಬಾಕು ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಮಾರಾಟದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ ಮೇಲೆ ಪಿಯು ಹುಡುಗರನ್ನೂ ವಾಪಸು ಕಳಿಸುತ್ತಾರಂತೆ. ನಾನು ಅಷ್ಟು ನಂಬಿಲ್ಲ.

ಅದೇ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಮತ್ತೆ ಸೊನ್ನೆ–ಒಂದರ ಲೆಕ್ಕ ಮಾಡಿಸಿದೆ. ಒಂದು ಎಂದವರು ನಾಲ್ಕೋ ಐದೋ. "ಸುಳ್ಳು ಬರೆದಿರುತ್ತಾರೆ ಬಿಡಿ" ಎಂದರು ಸಹೋದ್ಯೋಗಿಗಳು. ಸುಳ್ಳು ಬರೆಯುವವರು ಮೊದಲ ವರ್ಷವೂ ಬರೆಯುತ್ತಿದ್ದರಲ್ಲ? ಅದಿರಲಿ, ಶೌಚಾಲಯದ ಹಿಂದಿನ ಗೋಡೆಯ ಸಂದು ಸುಳ್ಳು ಹೇಳುವುದಿಲ್ಲ. ಶನಿವಾರದ ಸ್ವಚ್ಛತೆಯಲ್ಲಿ ಅಲ್ಲಿ ಸಿಕ್ಕ ಹೊದಿಕೆಗಳನ್ನು ಮೊದಲಿನಿಂದಲೂ ಎಣಿಸಿಡುತ್ತಿದ್ದೆ. ಆಗ ವಾರಕ್ಕೆ ನೂರರ ಮೇಲೆ ಸಿಗುತ್ತಿದ್ದವು, ಈಗ ಹತ್ತು ಹದಿನೈದು. ಅದರಲ್ಲೂ ಕೆಲವು ರಾತ್ರಿ ಜಗಲಿಯಲ್ಲಿ ಮಲಗುವವರದು ಎಂದು ನನ್ನ ಗುಮಾನಿ. ಸೋತ ಪ್ರಯೋಗಗಳಿಗೆ ಎಲ್ಲ ಸೇರಿ ಮೂರೂವರೆ ಸಾವಿರದ ಮೇಲೆ ಕೈ ಬಿಟ್ಟಿತು. ಗೆದ್ದದ್ದಕ್ಕೆ ಐನೂರು ದಾಟಿಲ್ಲ.

ಸಹಾಯ ಬೇಕೆಂದು ಬರೆಯುವ ಚೀಟಿ ವರ್ಷಕ್ಕೆ ಎರಡೋ ಮೂರೋ ಬರುತ್ತದೆ. ಬರೆದವನು ಯಾರ ಕಣ್ಣಿಗೂ ಬೀಳದೆ ನನ್ನ ಹತ್ತಿರ ಬರುವುದಕ್ಕೆ ಒಂದು ಏರ್ಪಾಡಿದೆ, ಅದನ್ನು ಕೇಳಿದ ಶಿಕ್ಷಕರಿಗೆ ಎದುರಿಗೇ ಹೇಳುತ್ತೇನೆ. ಅಲ್ಲಿಂದ ಮುಂದಿನದು ನಮ್ಮ ಕೈಯ ಕೆಲಸವಲ್ಲ. ಹದಿಹರೆಯದವರಿಗೆಂದೇ ಇರುವ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್, ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416. ಎರಡು ಸಂಖ್ಯೆಗಳನ್ನೂ ವಿಜ್ಞಾನ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲರಿಂದಲೂ ಬರೆಯಿಸಿದ್ದೇನೆ. ಈ ಜೂನಿನಿಂದ ಡಬ್ಬಿ ಎಂಟನೇ ತರಗತಿಗೂ ಹೋಗುತ್ತದೆ. ಬೇಡ, ಇನ್ನೂ ಚಿಕ್ಕವರು ಎಂದು ಸಿಬ್ಬಂದಿ ಕೊಠಡಿಯಲ್ಲಿ ಈಗಾಗಲೇ ಮಾತು ಶುರುವಾಗಿದೆ.