ಅಚ್ಚಿಗೆ ಹೋಗುವ ಮೊದಲು ರೋಗಿಗೆ ಓದಿ ಹೇಳಿದ್ದು

ಎಂ.ಡಿ. ಓದುವ ಹುಡುಗರು ಬರೆಯಲು ಮೊದಲು ಕೈ ಹಾಕುವುದು ಕೇಸ್ ರಿಪೋರ್ಟ್‌ಗೆ. ಒಬ್ಬ ರೋಗಿ, ಒಂದು ಅಪರೂಪದ ಕಾಯಿಲೆ, ಮೂರ್ನಾಲ್ಕು ಫೋಟೋ, ಎರಡು ಪುಟ. ಸುಲಭ ಅನ್ನಿಸುತ್ತದೆ. ಔಷಧಿ ಪ್ರಯೋಗವಾದರೆ ಎಥಿಕ್ಸ್ ಕಮಿಟಿ ಮುಂದೆ ಹೋಗಬೇಕು, ಸಿಟಿಆರ್‌ಐ, ಅಂದರೆ ದೇಶದ ಔಷಧಿ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಆ ನೋಂದಣಿ ಮುಗಿದಿರಬೇಕು. ಕೇಸ್ ರಿಪೋರ್ಟ್‌ಗೆ ಇಷ್ಟೆಲ್ಲ ಕಾವಲು ಇಲ್ಲ. ಬರೆಯುವವರೇ ಕಾಯಬೇಕು.

ನಾನು ಮುಂಬೈನ ಒಂದು ಬೋಧನಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿದ್ದೇನೆ. ನಮ್ಮ ಒಪಿಡಿಗೆ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಕರಾವಳಿಯ ಹೋಟೆಲ್ ಹುಡುಗರು ಬರುತ್ತಲೇ ಇರುತ್ತಾರೆ. ಕನ್ನಡ ಬರುವ ಡಾಕ್ಟರ್ ಇದ್ದಾರೆ ಅಂತ ಗೊತ್ತಾದರೆ ಸಾಕು, ಕೇಸ್ ಪೇಪರ್ ಹಿಡಿದು ಸೀದಾ ನನ್ನ ಮೇಜಿಗೇ ಬರುತ್ತಾರೆ. ಹಾಗೆ ಬಂದ ಉತ್ತರ ಕರ್ನಾಟಕದ ಒಬ್ಬ ಹೆಂಗಸಿನ ಕೇಸನ್ನು ನಾವು ಪ್ರಕಟಿಸಿದೆವು. ಕಾಯಿಲೆಯ ಹೆಸರು, ಅವರ ಊರು ಇಲ್ಲಿ ಬೇಡ. ಹೀಗೆ ಕನ್ನಡದಲ್ಲಿ ಬರೆಯುತ್ತೇನೆ ಅಂತ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಬೇರೆ, ಫೋಟೋ ತೆಗೆಯಲು ಕೊಟ್ಟದ್ದು ಬೇರೆ, ಅದನ್ನು ಜಗತ್ತಿಗೆಲ್ಲ ತೋರಿಸಲು ಕೊಡುವುದು ಬೇರೆ. ಇದು ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಐಸಿಎಂಜೆಇ, ಅಂದರೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರೋಗಿಯ ಗುರುತು ಸಿಗುವ ಹಾಗಿದ್ದರೆ, ಅಚ್ಚಾಗಲಿರುವ ಬರಹವನ್ನೇ ಅವರಿಗೆ ತೋರಿಸಬೇಕು ಅನ್ನುತ್ತದೆ. ಇದನ್ನು ಮಾಡುವವರನ್ನು ನಾನು ನೋಡಿದ್ದು ಕಡಿಮೆ. ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಒಂದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಈ ಸಲ ಹಾಗೆ ಬೇಡ, ಬರಹ ಸಿದ್ಧವಾದ ಮೇಲೆ ಅವರನ್ನು ಕೂರಿಸಿಕೊಂಡು ಓದಿ ಹೇಳೋಣ ಅಂದುಕೊಂಡೆ.

ಮೊದಲ ತೊಡಕು ಕಾಗದದ್ದೇ. ಜರ್ನಲ್‌ನ ಫಾರ್ಮ್ ಇಂಗ್ಲಿಷ್‌ನಲ್ಲಿತ್ತು. ನಮ್ಮ ವಿಭಾಗದಲ್ಲಿ ಮರಾಠಿ, ಹಿಂದಿ ಪ್ರತಿಗಳಿದ್ದವು, ಕನ್ನಡದ್ದು ಇರಲಿಲ್ಲ. ನಾನೇ ಬರೆದೆ. ನಾಲ್ಕು ಮಾತು ಮಾತ್ರ ದೊಡ್ಡಕ್ಷರದಲ್ಲಿ ಹಾಕಿದೆ. ನಿಮ್ಮ ಹೆಸರು ಇರುವುದಿಲ್ಲ, ಆದರೂ ಗುರುತಿನವರಿಗೆ ಗೊತ್ತಾಗುವುದೇ ಇಲ್ಲ ಅಂತ ಭರವಸೆ ಕೊಡಲು ಆಗುವುದಿಲ್ಲ. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅಚ್ಚಾಗುವವರೆಗೆ ಬೇಡ ಅನ್ನಬಹುದು, ಆಮೇಲೆ ವಾಪಸ್ ತರುವುದು ನಮ್ಮ ಕೈಲಿಲ್ಲ. ಒಲ್ಲೆ ಅಂದರೂ ಔಷಧಿ, ಆರೈಕೆ ಇದ್ದ ಹಾಗೇ ಇರುತ್ತದೆ.

ಅವರಿಗೆ ಓದಲು ಬರುವುದಿಲ್ಲ. ಮಗ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿತವನು, ಅವನನ್ನು ಕರೆತಂದರು. ಹೆಬ್ಬೆಟ್ಟಿಗೆ ಸಾಕ್ಷಿಯಾಗಿ ನಮ್ಮ ವಿಭಾಗಕ್ಕೆ ಸಂಬಂಧವಿಲ್ಲದ ಇನ್ನೊಂದು ವಾರ್ಡಿನ ಕನ್ನಡದ ಸಿಸ್ಟರ್ ಒಬ್ಬರನ್ನು ಕೇಳಿಕೊಂಡೆ. ಒಪಿಡಿ ಖಾಲಿಯಾದ ಮೇಲೆ ಕೂತೆವು. ಲ್ಯಾಪ್‌ಟಾಪ್ ತಿರುಗಿಸಿ ಫೋಟೋ ತೋರಿಸಿದೆ. ನಮ್ಮ ರೆಸಿಡೆಂಟ್, ಅಂದರೆ ವಿಭಾಗದಲ್ಲಿ ಎಂ.ಡಿ. ಓದುವ ಹುಡುಗ, ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದ. ಹಳೇ ಪುಸ್ತಕಗಳಲ್ಲೆಲ್ಲ ಹಾಗೇ ಇದೆಯಲ್ಲ.

ಅವರು ಗದ್ದದ ಮೇಲಿನ ಹಸಿರು ಹಚ್ಚೆಯ ಚುಕ್ಕಿಗಳ ಮೇಲೆ ಬೆರಳಿಟ್ಟರು. ಆಮೇಲೆ ಮೂಗುತಿಯ ಮೇಲೆ.

“ಇದ ನಾನ ಅಂತ ನಮ್ಮ ಓಣ್ಯಾಗಿನ ಸಣ್ಣ ಹುಡುಗರಿಗೂ ಗೊತ್ತಾಗ್ತದ್ರಿ ಡಾಕ್ಟರ್. ಮಗಳ ಲಗ್ನ ಆಗೂದದ. ಚರ್ಮದ ರೋಗ ಅಂದ್ರ ಮಂದಿ ಬ್ಯಾರೆನ ತಿಳ್ಕೋತಾರ.”

“ಮತ್ತ ಮುಖ ಬ್ಯಾಡೇನ್ರಿ ಅಕ್ಕಾರ?”

“ಮುಖ ಬ್ಯಾಡ್ರಿ. ಕೈ ಹಾಕ್ರಿ. ಕೈ ಎಲ್ಲಾರ್ದೂ ಒಂದ ನಮೂನಿ ಇರ್ತಾವ.”

ಕಣ್ಣಿಗೆ ಪಟ್ಟಿ ಹಾಕಿದರೆ ಸಾಲದು ಅಂತ ಐಸಿಎಂಜೆಇ ಕೂಡ ಸ್ಪಷ್ಟವಾಗಿ ಬರೆದಿದೆ. ಆದರೆ ರೆಸಿಡೆಂಟ್‌ಗೆ ಅದು ತಲೆಗೆ ಹೋದದ್ದು ಹಚ್ಚೆಯ ಮೇಲೆ ಬೆರಳು ಇಟ್ಟಾಗಲೇ. ಮುಖದ ಫೋಟೋ ತೆಗೆದುಹಾಕಿದೆವು. ಮುಂಗೈಯದು ಇಟ್ಟೆವು, ಬಳೆ ಕಾಣದ ಹಾಗೆ ಅಂಚು ಕತ್ತರಿಸಿದೆವು. ಅಂಚು ಕತ್ತರಿಸಬಹುದು, ಇಡೀ ಚಿತ್ರವನ್ನು ಒಂದೇ ಸಮ ಸ್ವಲ್ಪ ಬೆಳಗಿಸಬಹುದು. ಗಾಯ ಎದ್ದು ಕಾಣಲಿ ಅಂತ ಅಲ್ಲಷ್ಟೇ ಬಣ್ಣ ತಿದ್ದಿದರೆ ಅದು ಮೋಸ. ಮೂಲ ಫೈಲನ್ನು ಹಾಗೇ ಇಟ್ಟುಕೊಂಡಿರಬೇಕು, ಎಡಿಟರ್ ಯಾವಾಗ ಬೇಕಾದರೂ ಕೇಳಬಹುದು. ಇನ್ನೊಂದು ಮಾತು: ಈ ಫೋಟೋಗಳು ರೆಸಿಡೆಂಟ್‌ಗಳ ಮೊಬೈಲ್‌ನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿರುತ್ತವೆ. ಜರ್ನಲ್‌ಗಿಂತ ನನಗೆ ಅದರದ್ದೇ ಚಿಂತೆ ಜಾಸ್ತಿ. ಈಗ ವಿಭಾಗದ ಕ್ಯಾಮೆರಾದಲ್ಲಿ ಮಾತ್ರ ತೆಗೆಯಿರಿ ಅಂತ ಹೇಳಿದ್ದೇನೆ.

ಬರಹದಲ್ಲೂ ಗುರುತು ಅಡಗಿರುತ್ತದೆ. ಮೊದಲ ಸಾಲಿನಲ್ಲೇ ವಯಸ್ಸು, ಹುಟ್ಟಿದ ಜಿಲ್ಲೆ, ಈಗಿರುವ ಬಸ್ತಿ, ಕೆಲಸ, ದಾಖಲಾದ ತಾರೀಖು ಎಲ್ಲ ಇತ್ತು. ಸಿಮೆಂಟಿನಿಂದ ಬಂದ ಕಾಯಿಲೆಯಾಗಿದ್ದರೆ ಕೆಲಸ ಹೇಳಲೇಬೇಕಿತ್ತು. ಇಲ್ಲಿ ಅದಕ್ಕೂ ಕಾಯಿಲೆಗೂ ಸಂಬಂಧ ಇಲ್ಲ, ತೆಗೆದೆವು. ತಾರೀಖಿನ ಬದಲು ‘ಎರಡನೇ ವಾರದಲ್ಲಿ’ ಅಂತ ಬರೆದೆವು. ವಯಸ್ಸನ್ನು ಮಾತ್ರ ಸುಮ್ನೆ ಐದು ವರ್ಷ ಹೆಚ್ಚು ಕಡಿಮೆ ಮಾಡಿಬಿಡೋಣ ಅಂದ ಹುಡುಗ. ಬೇಡ ಅಂದೆ. ವಿವರ ಬಿಡುವುದು ಸರಿ, ಸುಳ್ಳು ವಿವರ ಹಾಕುವುದು ಸರಿಯಲ್ಲ. ನಾಳೆ ಯಾರೋ ಇಂಥ ಕೇಸುಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕುತ್ತಾರೆ, ನಮ್ಮ ಸುಳ್ಳು ಅದರೊಳಗೆ ಕೂತಿರುತ್ತದೆ.

ಇನ್ನು ಹೆಸರಿನ ಜಗಳ. ಬಡ್ತಿಗೆ ಪೇಪರ್ ಬೇಕು, ಹಾಗಾಗಿ ಎಲ್ಲರಿಗೂ ಹೆಸರು ಬೇಕು. ಹುಡುಗ ಏಳು ಜನರ ಪಟ್ಟಿ ಮಾಡಿದ್ದ, ಎರಡು ಪುಟದ ಬರಹಕ್ಕೆ! ಐಸಿಎಂಜೆಇ ಪ್ರಕಾರ ಲೇಖಕ ಅನ್ನಿಸಿಕೊಳ್ಳಲು ನಾಲ್ಕೂ ಬೇಕು: ಕೆಲಸದಲ್ಲಿ ಗಣನೀಯ ಪಾಲು, ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರಿಸಲು ಸಿದ್ಧ ಇರಬೇಕು. ಕೊನೆಯದನ್ನು ಸೇರಿಸಿದ್ದು 2013ರಲ್ಲಿ. ಪಟ್ಟಿ ಮೂವರಿಗೆ ಇಳಿಯಿತು. ಪೆಥಾಲಜಿಯ ಮೇಡಂ ಬಯಾಪ್ಸಿ ಸ್ಲೈಡ್ ನೋಡಿ ರೋಗ ಇದೇ ಅಂತ ಹೇಳಿದವರು. ಅವರಿಗೆ ಕರಡು ಕಳಿಸಿದ್ದೇ ಇರಲಿಲ್ಲ. ಪಾಲು ಇದ್ದವರಿಗೆ ಓದಿ ತಿದ್ದುವ ಅವಕಾಶ ಕೊಡದೆ, ಆಮೇಲೆ ‘ನೀವು ತಿದ್ದಿಲ್ಲ, ಲೇಖಕರಲ್ಲ’ ಅನ್ನುವುದು ಜಾಣತನ ಅಷ್ಟೇ. ಕಳಿಸಿದೆವು, ಅವರು ಅರ್ಧ ಪುಟ ತಿದ್ದಿದರು, ಲೇಖಕರಾದರು. ನಮ್ಮ ಎಚ್‌ಓಡಿ ಸರ್ ರೌಂಡ್ಸ್‌ನಲ್ಲಿ ಒಮ್ಮೆ ರೋಗಿಯನ್ನು ನೋಡಿದ್ದರು. ಅವರಿಗೆ ಆಭಾರ ಮನ್ನಣೆ. ಅದಕ್ಕೂ ಲಿಖಿತ ಅನುಮತಿ ಕೇಳಿದಾಗ, “ಥ್ಯಾಂಕ್ಸ್ ಹೇಳೋದಕ್ಕೂ ಫಾರ್ಮಾ?” ಅಂದರು. ಸ್ವಲ್ಪ ದಿನ ಮುಖ ಗಂಟಿಕ್ಕಿಕೊಂಡೇ ಇದ್ದರು. ಸಹಿ ಮಾತ್ರ ಹಾಕಿದರು.

ಇಂಗ್ಲಿಷ್ ತಿದ್ದಲು ಹುಡುಗ ಚಾಟ್‌ಜಿಪಿಟಿ ಬಳಸಿದ್ದ. ಬಳಸಿದ್ದನ್ನು ಕವರ್ ಲೆಟರ್‌ನಲ್ಲೂ ಬರಹದಲ್ಲೂ ಹೇಳಿದೆವು. ಉಲ್ಲೇಖಗಳನ್ನು ಒಂದೊಂದಾಗಿ ಪಬ್‌ಮೆಡ್ ಅನ್ನುವ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಲ್ಲಿ ಹುಡುಕಿ ನೋಡಿದೆವು. ಎಲ್ಲಿ ಕಳಿಸುವುದು ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ‘ಮಾನ್ಯ ಪ್ರೊಫೆಸರ್, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ’ ಅನ್ನುವ ಮೇಲ್‌ಗಳು ದಿನಾ ಬರುತ್ತವೆ, ದಿನಾ ಅಳಿಸುತ್ತೇನೆ. ಈ ಊರಿನಿಂದಲೇ ಕೆಇಎಂ ಆಸ್ಪತ್ರೆಯವರ ‘ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್’ 1955ರಿಂದ ಬರುತ್ತಿದೆ. ವೈದ್ಯಕೀಯ ನೀತಿಯ ಚರ್ಚೆಗೇ ಮೀಸಲಾದ ಪತ್ರಿಕೆಯೂ 1993ರಿಂದ ಇಲ್ಲಿಂದಲೇ ಹೊರಡುತ್ತಿದೆ, ಈಗ ಅದರ ಹೆಸರು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’. ಇವನ್ನು ಓದಿ ಬೆಳೆದವರಿಗೆ ಮೂರು ದಿನದ ಜರ್ನಲ್ ಯಾವುದು ಅಂತ ವಾಸನೆಯಲ್ಲೇ ಗೊತ್ತಾಗುತ್ತದೆ.

ಹೆಬ್ಬೆಟ್ಟಿನ ಕಾಗದವನ್ನು ಜರ್ನಲ್‌ಗೆ ಕಳಿಸಲಿಲ್ಲ. ಅದರಲ್ಲೇ ರೋಗಿಯ ಹೆಸರು ಇರುತ್ತದೆ, ಅಲ್ವಾ? ಲಿಖಿತ ಒಪ್ಪಿಗೆ ಪಡೆದಿದ್ದೇವೆ, ನಮ್ಮಲ್ಲೇ ಇಟ್ಟಿದ್ದೇವೆ ಅಂತ ಪತ್ರ ಕೊಟ್ಟೆವು. ಹಾಗೆ ಮಾಡಬಹುದು, ರೋಗಿಗೆ ಅದೇ ಕ್ಷೇಮ.

ಜರ್ನಲ್ ಪರವಾಗಿ ಬರಹ ಪರಿಶೀಲಿಸಿದ ಒಬ್ಬ ರಿವ್ಯೂವರ್ ಪೂರ್ತಿ ಮುಖದ ಫೋಟೋ ಕೇಳಿದರು. ಕಾಯಿಲೆ ಮುಖದಲ್ಲಿ ಎಲ್ಲೆಲ್ಲಿ ಹರಡಿದೆ ಅಂತ ಓದುಗರಿಗೆ ಕಾಣಬೇಕಂತೆ. ಅವರ ಮಾತಲ್ಲೂ ನ್ಯಾಯ ಇತ್ತು. ರೋಗಿ ಮುಖಕ್ಕೆ ಒಪ್ಪಿಲ್ಲ ಅಂತ ಬರೆದು, ಮುಖದ ಒಂದು ರೇಖಾಚಿತ್ರ ಬಿಡಿಸಿ ಗಾಯಗಳಿದ್ದ ಜಾಗಕ್ಕೆ ಬಣ್ಣ ತುಂಬಿ ಕಳಿಸಿದೆವು. ಎಡಿಟರ್ ಒಪ್ಪಿದರು.

ಅಚ್ಚಾದ ಪ್ರತಿಯನ್ನು ಮಗನ ವಾಟ್ಸಾಪ್‌ಗೆ ಕಳಿಸಲೇ ಅಂತ ಕೇಳಿದೆ. ಒಂದೇ ಖೋಲಿಯಲ್ಲಿ ಎಲ್ಲರೂ ಇರುತ್ತಾರೆ, ಮೊಬೈಲ್ ಎಲ್ಲರ ಕೈಗೂ ಹೋಗುತ್ತದೆ, ಬೇಡ ಅಂದರು. ಮುಂದೆ ಒಪಿಡಿಗೆ ಬಂದಾಗ ಅಲ್ಲೇ ತೋರಿಸಿ, ಇಡೀ ಎರಡು ಪುಟ ಕನ್ನಡದಲ್ಲಿ ಹೇಳಿದೆ.

“ಇಷ್ಟ ಏನ್ರಿ?” ಅಂದರು. ಆಮೇಲೆ ಮುಲಾಮು ಮುಗಿದಿದೆ, ಚೀಟಿ ಬರೆದುಕೊಡಿ ಅಂತ ಕೇಳಿದರು.