ಚಪಾತಿಗೆ ಪಳಗಿದ ಕೈ, ಬ್ರೆಡ್ಡಿನ ಹದ

ನಾನು ಮಾಡಿದ ಮೊದಲ ಮೂರು ಗೋಧಿ ಬ್ರೆಡ್ಡುಗಳು ಒಣಗಿ, ಪುಡಿಯಾಗಿ, ಕಟ್ಲೆಟ್ಟಿನ ಮೇಲೆ ಹೊರಳಿ ಮುಗಿದವು. ಈಸ್ಟ್ ಹಳೆಯದಿರಬೇಕೆಂದು ಹೊಸ ಪೊಟ್ಟಣ ತಂದೆ, ಓವನ್ನನ್ನು ಬೈದೆ. ತಪ್ಪು ಇದ್ದದ್ದು ನನ್ನ ಕೈಯಲ್ಲಿ. ಇಪ್ಪತ್ತು ವರ್ಷ ಚಪಾತಿಗೆ ಕಲಸಿದ ಕೈ ಅದು. ಹಿಟ್ಟು ಬೆರಳಿಗೆ ಅಂಟಿದ ಕೂಡಲೇ ಇನ್ನೊಂದು ಹಿಡಿ ಒಣ ಹಿಟ್ಟು ಉದುರಿಸಿಬಿಡುತ್ತಿತ್ತು.

ನಾಲ್ಕನೆಯ ಸಲ ಅತ್ತೆ ಪಾತ್ರೆಯೊಳಗೆ ಇಣುಕಿದರು. "ಇಷ್ಟು ಗಟ್ಟಿಯಾದರೆ ಎಲ್ಲಿ ಉಬ್ಬುತ್ತದಮ್ಮ? ಹೋಳಿಗೆಯ ಕಣಕದ ಹಾಗಿರಬೇಡವೇ?" ಅವರು ಎಂದೂ ಬ್ರೆಡ್ ಮಾಡಿದವರಲ್ಲ. ಆದರೂ ಹದ ಸರಿಯಾಗಿ ಹೇಳಿದವರು ಅವರೊಬ್ಬರೇ.

ಆಮೇಲೆ ತಕ್ಕಡಿ ಇಟ್ಟು ನೋಡಿದೆ. 400 ಗ್ರಾಂ ಹಿಟ್ಟಿಗೆ ನಾನು ಹಾಕುತ್ತಿದ್ದ ನೀರು 250 ಗ್ರಾಂ ಅಷ್ಟೇ. ಈಗ 320 ಹಾಕುತ್ತೇನೆ. ಗೋಧಿಯ ತೌಡು ಬಹಳ ನೀರು ಕುಡಿಯುತ್ತದೆ, ಆದರೆ ನಿಧಾನವಾಗಿ. ಆದ್ದರಿಂದ ಹಿಟ್ಟು, ನೀರು ಎರಡನ್ನೇ ಬೆರೆಸಿ 40 ನಿಮಿಷ ಮುಚ್ಚಿಡುತ್ತೇನೆ. ನೆನೆಯದ ತೌಡು ಚೂಪಾಗಿದ್ದು, ನಾದುವಾಗ ಕಣಕದ ಎಳೆಗಳನ್ನು ಕತ್ತರಿಸುತ್ತದೆ; ನೆನೆದರೆ ಮೆತ್ತಗಾಗುತ್ತದೆ. ನಂತರ ಇನ್‌ಸ್ಟಂಟ್ ಈಸ್ಟ್ 4 ಗ್ರಾಂ, ಉಪ್ಪು 8 ಗ್ರಾಂ, ಬೆಲ್ಲದ ಪುಡಿ ಮತ್ತು ಎಣ್ಣೆ ತಲಾ 20 ಗ್ರಾಂ ಸೇರಿಸಿ ಹತ್ತು ನಿಮಿಷ ನಾದುತ್ತೇನೆ. ಅಂಟಿದರೆ ಕೈ ಒದ್ದೆ ಮಾಡಿಕೊಳ್ಳುವುದು, ಹಿಟ್ಟಿನ ಡಬ್ಬದ ಕಡೆ ನೋಡಬಾರದು. ಸ್ವಲ್ಪ ಕಣಕವನ್ನು ಎಳೆದಾಗ ಹರಿಯದೆ ತೆಳ್ಳಗೆ ಹಿಗ್ಗಿದರೆ ನಾದಿದ್ದು ಸಾಕು.

ಹಿಟ್ಟಿನ ಬಗ್ಗೆ ಒಂದು ಮಾತು. ಒಂದು ವಾರ ಎಲ್ಲವನ್ನೂ ಸರಿಯಾಗಿ ಮಾಡಿದರೂ ಬ್ರೆಡ್ ಕುಗ್ಗಿತು. ಹಿಟ್ಟು ನೋಡಿದರೆ ಬೂದು ಬಣ್ಣ: ಗಿರಣಿಯಲ್ಲಿ ನನ್ನ ಗೋಧಿಗಿಂತ ಮುಂಚೆ ಯಾರದೋ ರಾಗಿ ಬಿದ್ದಿತ್ತು. ರೊಟ್ಟಿಗಾದರೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಕಣಕಕ್ಕೆ ಎಳೆ ಕೊಡುವ ಗೋಧಿಯ ಅಂಟು, ಅಂದರೆ ಗ್ಲುಟೆನ್, ರಾಗಿಯಲ್ಲಿ ಇಲ್ಲ; ಗಾಳಿ ಹಿಡಿದಿಡುವ ಬಲ ಅಷ್ಟು ಕಡಿಮೆಯಾಗುತ್ತದೆ. ಈಗ ಗೋಧಿ ಡಬ್ಬಗಳ ಸಾಲು ನೋಡಿಕೊಂಡೇ ನನ್ನದನ್ನು ಇಡುತ್ತೇನೆ.

ಉಬ್ಬಲು ಗಡಿಯಾರ ನಂಬುವುದನ್ನು ಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಎರಡು ಗಂಟೆ ಹಿಡಿಯುವ ಕಣಕ ಏಪ್ರಿಲ್ ಮಧ್ಯಾಹ್ನ ಮುಕ್ಕಾಲು ಗಂಟೆಯಲ್ಲೇ ಎರಡರಷ್ಟಾಗುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರಿನಲ್ಲೇ ಕಲಸುತ್ತೇನೆ. ಸುರುಳಿ ಸುತ್ತಿ ಎಂಟಂಗುಲದ ಅಚ್ಚಿನಲ್ಲಿಟ್ಟ ಮೇಲೆ, ಅಂಚಿನಿಂದ ಒಂದು ಬೆರಳಗಲ ಮೇಲೆದ್ದರೆ ಓವನ್ನಿಗೆ. ಇನ್ನೂ ಉಬ್ಬಲಿ ಎಂದು ಆಸೆಪಟ್ಟರೆ ಒಳಗೆ ಹೋದ ಮೇಲೆ ನಡುವೆ ಕುಸಿಯುತ್ತದೆ. 200 ಡಿಗ್ರಿಯಲ್ಲಿ ಹತ್ತು ನಿಮಿಷ, 180ರಲ್ಲಿ ಮೂವತ್ತು. ತಳ ತಟ್ಟಿದರೆ ಪೊಳ್ಳು ಸದ್ದು ಬರಬೇಕು.

ಕಷ್ಟವಿರುವುದು ಆರುವವರೆಗೆ ಕಾಯುವುದರಲ್ಲಿ. ಬಿಸಿಯಲ್ಲೇ ಕೊಯ್ದರೆ ಒಳಗೆಲ್ಲ ಅಂಟಂಟು, ಎರಡು ಗಂಟೆಯಾದರೂ ಬೇಕು. ಮನೆಯಲ್ಲಿ ಅಷ್ಟು ಹೊತ್ತು ಯಾರೂ ಬಿಡುವುದಿಲ್ಲ. ತುದಿಯ ತುಂಡನ್ನು ತುಪ್ಪ ಸವರಿ ಅತ್ತೆಗೆ ಕೊಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತೇನೆ.